ಅರಮನೆ ಇಲ್ಲದ ಮೈಸೂರು: ಎರಡು ನಿಮಿಷದ ಅನಿಮೇಷನ್‌ಗೆ ಸಲಹೆ ಬೇಕು

ಸರಸ್ವತಿಪುರಂ_ಸ್ಕೆಚ್
ಎಲ್ಲರಿಗೂ ನಮಸ್ಕಾರ. ಓದಿದ್ದು ಚಿತ್ರಕಲೆ, ಹೊಟ್ಟೆಪಾಡಿಗೆ ಆಪ್‌ಗಳಿಗೆ ಬಟನ್ನು, ಐಕಾನು ಬರೆದುಕೊಡುತ್ತೇನೆ. ಬಹಳ ದಿನದಿಂದ ಮೈಸೂರಿನ ಮೇಲೆ ಒಂದು ಅನಿಮೇಷನ್ ಕಿರುಚಿತ್ರ ಮಾಡಬೇಕು ಅಂತ ಆಸೆ. ಎರಡು ನಿಮಿಷ, ಅಷ್ಟೇ. ಕಥೆ ಇಲ್ಲ, ಹೀರೋ ಇಲ್ಲ, ಮಾತೂ ಇಲ್ಲ. ಈ ಊರು ನನಗೆ ಹೇಗೆ ಕಾಣಿಸುತ್ತದೆ, ಹೇಗೆ ಕೇಳಿಸುತ್ತದೆ ಅನ್ನುವುದು ಮಾತ್ರ.

ತೊಂದರೆ ಏನೆಂದರೆ, ಪೆನ್ಸಿಲ್ ಹಿಡಿದ ಕೂಡಲೇ ಕೈ ತಾನಾಗಿ ಅರಮನೆಯ ಗುಮ್ಮಟ ಬರೆಯುತ್ತದೆ. ಆಮೇಲೆ ಅಂಬಾರಿ. ಆಮೇಲೆ ಬೆಟ್ಟದ ನಂದಿ. ಕೊನೆಗೆ ನೋಡಿದರೆ ಬ್ಯಾಂಕಿನವರು ಹಂಚುವ ಕ್ಯಾಲೆಂಡರ್ ಆಗಿರುತ್ತದೆ. ಮೈಸೂರು ಅಂದರೆ ನನಗೆ ನಿಜವಾಗಿ ನೆನಪಾಗುವುದೇ ಬೇರೆ. ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಎಳೆದುಬಿಡುವ ಅಂಗಡಿಗಳು. ದೇವರಾಜ ಮಾರ್ಕೆಟ್‌ನಲ್ಲಿ ಮೊಳ ಹಾಕಿ ಹೂ ಅಳೆಯುವ ಕೈ. ಮೇ ತಿಂಗಳಲ್ಲಿ ಗುಲ್‌ಮೊಹರ್ ಉದುರಿ ಕೆಂಪಾದ ರಸ್ತೆ.

ಅರಮನೆ ತೋರಿಸದೆ ಇದು ಮೈಸೂರು ಅಂತ ಗೊತ್ತಾಗುವ ಹಾಗೆ ಮಾಡಬಹುದಾ? ಅಥವಾ ಗೊತ್ತಾಗಲೇಬೇಕು ಅಂತ ಇದೆಯಾ? ಇನ್ನೊಂದು, ಕೈಯಲ್ಲಿ ಬರೆಯುವುದಾ, ಕಂಪ್ಯೂಟರಾ? ದುಡ್ಡು ಹೆಚ್ಚುಕಮ್ಮಿ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಒಂಟಿಕೊಪ್ಪಲ್_ಗುರು
ಅರಮನೆ ಬಿಟ್ಟು ಮೈಸೂರಾ? ಒಗ್ಗರಣೆ ಇಲ್ಲದ ಸಾರು.

ಹಳೇ_ರೀಲು
ಗುರುಗಳೇ, ಸ್ವಲ್ಪ ತಾಳಿ. ಈ ಪ್ರಶ್ನೆಗೆ ನೂರು ವರ್ಷ ಆಗುತ್ತಾ ಬಂತು. 1927ರಲ್ಲಿ ವಾಲ್ಟರ್ ರುಟ್‌ಮನ್ ಬರ್ಲಿನ್ ಮೇಲೆ ಒಂದು ಚಿತ್ರ ಮಾಡಿದರು. ಬೆಳಗಿನಿಂದ ರಾತ್ರಿ ತನಕ ಊರಿನ ಒಂದು ದಿನ. ನಾಯಕ ಇಲ್ಲ, ಕಥೆ ಇಲ್ಲ. ಅದು ಕ್ಯಾಮೆರಾದಲ್ಲಿ ತೆಗೆದದ್ದು ನಿಜ, ಆದರೆ ರುಟ್‌ಮನ್ ಮೊದಲು ಅನಿಮೇಷನ್ ಮಾಡುತ್ತಿದ್ದವರು. 1921ರಲ್ಲೇ ಬರೀ ಆಕಾರ, ಬಣ್ಣ ಕುಣಿಯುವ ಚಿತ್ರ ತೆಗೆದಿದ್ದರು. ಆ ರುಚಿ ಬರ್ಲಿನ್ ಚಿತ್ರದ ಶುರುವಿನಲ್ಲೂ ಇದೆ. ನೀರಿನ ಅಲೆ ಗೆರೆಯಾಗುತ್ತದೆ, ಗೆರೆಗಳ ಓಟದಿಂದ ರೈಲು ಬರುತ್ತದೆ.

ನಿಮಗೆ ಇನ್ನೂ ಹತ್ತಿರದ್ದು ವಿಲಿಯಂ ಕೆಂಟ್ರಿಜ್. ಜೋಹಾನ್ಸ್‌ಬರ್ಗ್‌ನವರು. 1989ರಲ್ಲಿ ತಮ್ಮ ಊರಿನ ಮೇಲೆ ಒಂದು ಕಿರುಚಿತ್ರ ಮಾಡಿದರು. ಪ್ಯಾರಿಸ್ ಬಿಟ್ಟರೆ ಜೋಹಾನ್ಸ್‌ಬರ್ಗೇ ದೊಡ್ಡ ನಗರ ಅಂತ ಹೆಸರಲ್ಲೇ ಒಂದು ಕುಟುಕು. ಹಾಳೆಯ ಮೇಲೆ ಇದ್ದಿಲಿನಲ್ಲಿ ಬರೆಯುವುದು, ಒಂದು ಫೋಟೋ ತೆಗೆಯುವುದು, ಸ್ವಲ್ಪ ಅಳಿಸಿ ತಿದ್ದುವುದು, ಮತ್ತೆ ಫೋಟೋ. ಅದೇ ಹಾಳೆ, ಅದೇ ಇದ್ದಿಲು. ಅಳಿಸಿದ ಗೆರೆ ಪೂರ್ತಿ ಹೋಗುವುದಿಲ್ಲ, ಮಸುಕಾಗಿ ಹಿಂದೆ ನಿಂತಿರುತ್ತದೆ. ವರ್ಣಭೇದದ ಕಾಲದ ಗಣಿ ಊರು ಅದು. ಯಾರನ್ನು ಎಲ್ಲಿಂದ ಅಳಿಸಿದರು ಅನ್ನುವುದು ಹಾಳೆಯ ಮೇಲೇ ಕಾಣುತ್ತದೆ. ಅಲ್ಲಿ ಪ್ರವಾಸಿ ತಾಣ ಒಂದೂ ಇಲ್ಲ. ಆದರೂ ಅದು ಆ ಊರೇ.

ಕುಕ್ಕರಹಳ್ಳಿ_ವಾಕರ್
ಹಳೇ ರೀಲು ಸರ್, ಗೌರವದಿಂದಲೇ ಹೇಳುತ್ತೇನೆ. ಇಂಥ ಚಿತ್ರಗಳನ್ನು ನಾನೂ ನೋಡಿದ್ದೇನೆ. ದಸರಾ ಚಲನಚಿತ್ರೋತ್ಸವದಲ್ಲಿ ಕಿರುಚಿತ್ರ ಹಾಕುತ್ತಾರಲ್ಲ, ಕಥೆ ಇಲ್ಲದ್ದು ಬಂತು ಅಂದರೆ ಅರ್ಧ ಜನ ಟೀ ಕುಡಿಯಲು ಎದ್ದು ಹೋಗುತ್ತಾರೆ. ಎರಡೇ ನಿಮಿಷ ಆದರೂ ಒಂದು ಎಳೆ ಬೇಡವಾ? ಒಬ್ಬ ಅಜ್ಜ, ಒಂದು ಟಾಂಗಾ, ಕೊನೆಗೆ ಕುದುರೆ ಮಾರುತ್ತಾನೆ. ಹೀಗೆ ಏನಾದರೂ.

ಪಡುವಾರಹಳ್ಳಿ_ಪೆನ್ಸಿಲ್
ಅಯ್ಯೋ ಸರ್, ಮತ್ತೆ ಟಾಂಗಾ ಅಜ್ಜ! ಮೈಸೂರಿನ ಕಿರುಚಿತ್ರ ಅಂದರೆ ಟಾಂಗಾ ಅಜ್ಜ ಬರಲೇಬೇಕು ಅಂತ ಕಾನೂನು ಇದೆಯಾ?

ಕುಕ್ಕರಹಳ್ಳಿ_ವಾಕರ್
ಉದಾಹರಣೆಗೆ ಹೇಳಿದೆನಪ್ಪಾ. ಕುದುರೆ ಬೇಡದಿದ್ದರೆ ಬಿಡು.

ಇಪ್ಪತ್ನಾಲ್ಕು_ಫ್ರೇಮು
ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಅನಿಮೇಷನ್ ಕೆಲಸ ಮಾಡುತ್ತೇನೆ. ಊರು ಮೈಸೂರೇ. ಆಸೆ ಒಳ್ಳೆಯದು, ಮೊದಲು ಲೆಕ್ಕ ಕೇಳಿ.

ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ. ‘ಟೂಸ್’ ಅನ್ನುತ್ತೇವೆ. ಅಂದರೆ ಸೆಕೆಂಡಿಗೆ 12 ಚಿತ್ರ. ಎರಡು ನಿಮಿಷಕ್ಕೆ 1440. ಒಂದು ರೀಮಿನಲ್ಲಿ 500 ಹಾಳೆ, ಹಾಗಾಗಿ ಮೂರು ರೀಮು. ಕೆಲಸ ಮುಗಿಸಿ ಬಂದು ರಾತ್ರಿ ಹತ್ತು ಹಾಳೆ ಬರೆದರೆ ಎಷ್ಟು ದಿನ ಅಂತ ನೀವೇ ಲೆಕ್ಕ ಹಾಕಿ. ಎಲ್ಲ ಕಡೆ ಟೂಸ್ ಬೇಕಾಗಿಲ್ಲ. ಶಟರ್ ಎಳೆದ ಅಂಗಡಿ ಅಲ್ಲಾಡುವುದಿಲ್ಲ, ಅಲ್ಲಿ ಮೂರು ಚಿತ್ರ ಸಾಕು. ಅವನ್ನೇ ತಿರುಗಿಸಿ ತಿರುಗಿಸಿ ಹಾಕಿದರೆ ಗೆರೆ ಸಣ್ಣಗೆ ನಡುಗುತ್ತದೆ, ಚಿತ್ರಕ್ಕೆ ಜೀವ ಇರುತ್ತದೆ.

ಕಂಪ್ಯೂಟರ್ ಆದರೆ ದುಡ್ಡಿಲ್ಲದೆ ಸಿಗುವುದು ಬೇಕಾದಷ್ಟಿದೆ. ಕ್ರಿಟಾ, ಬ್ಲೆಂಡರ್, ಓಪನ್‌ಟೂನ್ಸ್. 2025ರಲ್ಲಿ ಅನಿಮೇಷನ್ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಪೂರ್ತಿ ಬ್ಲೆಂಡರ್‌ನಲ್ಲಿ ಮಾಡಿದ್ದು. ಅದರಲ್ಲೂ ಮಾತಿಲ್ಲ, ವಾಕರ್ ಸರ್.

ಕುಕ್ಕರಹಳ್ಳಿ_ವಾಕರ್
ಮಾತಿಲ್ಲ, ಆದರೆ ಕಥೆ ಇದೆ! ಪ್ರವಾಹ, ಬೆಕ್ಕು, ದೋಣಿ. ನನ್ನ ವಾದಕ್ಕೇ ಸಾಕ್ಷಿ ಕೊಟ್ಟಿರಿ.

ಸರಸ್ವತಿಪುರಂ_ಸ್ಕೆಚ್
1440 ಅಂತ ಓದಿ ನೀರು ಕುಡಿದು ಬಂದೆ.

ಪ್ರಾಂಪ್ಟ್_ಪುಟ್ಟಸ್ವಾಮಿ
ಯಾಕೆ ಇಷ್ಟು ಕಷ್ಟ? ಎಐಗೆ ನಾಲ್ಕು ಸಾಲು ಹೇಳಿ. ಊಟ ಮುಗಿಸಿ ಬರುವಷ್ಟರಲ್ಲಿ ವಿಡಿಯೋ ರೆಡಿ. ಯಾವ ಶೈಲಿ ಬೇಕೋ ಅದು. ಇದ್ದಿಲು ಅಂದರೆ ಇದ್ದಿಲು, ಜಲವರ್ಣ ಅಂದರೆ ಜಲವರ್ಣ.

ಪಡುವಾರಹಳ್ಳಿ_ಪೆನ್ಸಿಲ್
ಪುಟ್ಟಸ್ವಾಮಣ್ಣ, ನಿಮ್ಮ ಮಾತು ಕೇಳಿ ಈಗಷ್ಟೇ ಹಾಕಿ ನೋಡಿದೆ. ‘ಮೈಸೂರಿನ ಬೀದಿ, ಮಧ್ಯಾಹ್ನ’ ಅಂತ. ಅರಮನೆ ಬಂತು. ಆನೆ ಬಂತು. ಮಧ್ಯಾಹ್ನಕ್ಕೆ ಕಿತ್ತಳೆ ಬಣ್ಣದ ಸೂರ್ಯಾಸ್ತ ಬಂತು. ಬೋರ್ಡಿನ ಮೇಲೆ ಕನ್ನಡದ ಹಾಗೆ ಕಾಣುವ, ಯಾವ ಭಾಷೆಯೂ ಅಲ್ಲದ ಅಕ್ಷರ. ಇವರು ಯಾವುದರಿಂದ ತಪ್ಪಿಸಿಕೊಳ್ಳಬೇಕು ಅಂತಿದ್ದಾರೋ ಅದನ್ನೇ ಕೊಡುತ್ತಿದೆಯಲ್ಲ.

ಪ್ರಾಂಪ್ಟ್_ಪುಟ್ಟಸ್ವಾಮಿ
ಪ್ರಾಂಪ್ಟ್ ಸರಿ ಬರೆಯಬೇಕು. ‘ಅರಮನೆ ಬೇಡ’ ಅಂತ ಹಾಕಿ.

ಪಡುವಾರಹಳ್ಳಿ_ಪೆನ್ಸಿಲ್
ಹಾಕಿದೆ. ಎರಡು ಅರಮನೆ ಬಂತು.

ಇಪ್ಪತ್ನಾಲ್ಕು_ಫ್ರೇಮು
😂 ಎಐ ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ಹೋಗೋಣ. ಇವರ ಹೊಟ್ಟೆಪಾಡು ಇದಲ್ಲ. ಬೇಗ ಮುಗಿಸಿ ಇವರಿಗೆ ಆಗಬೇಕಾದ್ದೇನೂ ಇಲ್ಲ.

ಊದುಬತ್ತಿ_ಮನೆ
ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಊದುಬತ್ತಿ ಹೊಸೆಯುತ್ತಿದ್ದರು. ಮೈಸೂರಿನ ಎಷ್ಟೋ ಬೀದಿಗಳಲ್ಲಿ ಹೆಂಗಸರ ಸಂಪಾದನೆ ಅಂದರೆ ಅದೇ. ಇದ್ದಿಲ ಪುಡಿ, ಜಿಗಟು, ನೀರು ಕಲಸಿ ಕಡ್ಡಿಗೆ ಹೊಸೆಯುವುದು. ಹೇಳಲು ಬಂದದ್ದು ಏನೆಂದರೆ, ಗಾಜಿನ ಮೇಲೆ ಮರಳು ಹರಡಿ, ಕೆಳಗಿನಿಂದ ಲೈಟ್ ಬಿಟ್ಟು ಅನಿಮೇಷನ್ ಮಾಡುತ್ತಾರಲ್ಲ, ಮರಳಿನ ಬದಲು ಆ ಪುಡಿ ಹಾಕಿದರೆ? ಅಪ್ಪಟ ಕಪ್ಪು. ಬೆರಳಲ್ಲಿ ಎಳೆದರೆ ಬೆಳಕಿನ ಗೆರೆ. ಮೈಸೂರಿನ ಚಿತ್ರ ಮೈಸೂರಿನ ಪುಡಿಯಲ್ಲೇ ಆಗುತ್ತದೆ.

ಹಳೇ_ರೀಲು
ಆಹಾ, ಒಳ್ಳೆಯ ಯೋಚನೆ. ಕೆನಡಾದ ಫಿಲ್ಮ್ ಬೋರ್ಡ್‌ನಲ್ಲಿ ಕ್ಯಾರೊಲಿನ್ ಲೀಫ್ ಮರಳಿನಲ್ಲಿ ಮಾಡುತ್ತಿದ್ದರು. ಆಮೇಲೆ ಗಾಜಿನ ಮೇಲೆ ಬಣ್ಣ ಹಚ್ಚಿ 1976ರಲ್ಲಿ ‘ದಿ ಸ್ಟ್ರೀಟ್’ ಮಾಡಿದರು. ಮಾಂಟ್ರಿಯಲ್‌ನ ಒಂದು ಬೀದಿ, ಒಂದು ಮನೆ, ಸಾಯುವ ಹೊತ್ತಿನ ಅಜ್ಜಿ, ಅವಳ ಕೋಣೆ ತನಗೆ ಸಿಗಲಿ ಅಂತ ಕಾಯುವ ಹುಡುಗ. ಒಂದು ಚಿತ್ರ ಅಳಿಸಿದರೆ ತಾನೇ ಇನ್ನೊಂದು? ಮುಖವೇ ಕರಗಿ ಬೀದಿಯಾಗುತ್ತದೆ. ಬಣ್ಣ ಬೇಗ ಒಣಗದ ಹಾಗೆ ಗ್ಲಿಸರಿನ್ ಬೆರೆಸುತ್ತಾರೆ. ಆ ಬೋರ್ಡ್‌ನವರ ಚಿತ್ರಗಳು ಬಹಳಷ್ಟು ನೆಟ್‌ನಲ್ಲಿ ಬಿಟ್ಟಿ ಸಿಗುತ್ತವೆ, ಹುಡುಕಿ.

ಒಂಟಿಕೊಪ್ಪಲ್_ಗುರು
ಇದ್ದಿಲ ಪುಡಿ ಮುಂದೆ ಕೂತಾಗ ಒಂದು ಸೀನು ಬಂದರೆ ಮುಗಿಯಿತು, ಇಡೀ ಮೊಹಲ್ಲಾ ಹಾರಿಹೋಗುತ್ತದೆ.

ಊದುಬತ್ತಿ_ಮನೆ
ಸ್ವಾಮಿ, ಮಾಸ್ಕ್ ಅಂತ ಒಂದು ಇದೆ. ಫ್ಯಾನ್ ಅಂತೂ ಹಾಕಲೇಬೇಡಿ.

ಮಂಡ್ಯದ_ಅಚ್ಚುಬೆಲ್ಲ
ಎಲ್ಲರೂ ಮೈಸೂರು ಮೈಸೂರು ಅಂತೀರಿ. ಮಂಡ್ಯಕ್ಕೆ ಯಾರಾದರೂ ಒಂದು ಮಾಡಿ ಗುರು. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ನಮ್ಮೂರು ಕಾರಿನ ಕಿಟಕಿಯಿಂದಲೂ ಮಾಯ. ಮೊದಲು ಬೆಂಗಳೂರಿಗೆ ಹೋಗುವವರು ಪೇಟೆ ಮಧ್ಯೆ ಕಬ್ಬಿನ ಟ್ರಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡು ಬೈದುಕೊಂಡಾದರೂ ಮಂಡ್ಯ ನೋಡುತ್ತಿದ್ದರು. ಈಗ ಬೈಪಾಸ್‌ನಲ್ಲಿ ಸುಯ್ ಅಂತ ಹೋಗುತ್ತಾರೆ. ಬೈಯುವವರೂ ಇಲ್ಲ.

ಗಾಜಿನ ಮೇಲೆ ಬಣ್ಣ ಅಂದಿರಲ್ಲ, ಅದಕ್ಕೆ ಆಲೆಮನೆಗಿಂತ ಬೇರೆ ವಸ್ತು ಬೇಕಾ? ಕೊಪ್ಪರಿಗೆಗೆ ಬಿದ್ದಾಗ ಕಬ್ಬಿನ ಹಾಲು ಹಸಿರು, ನೊರೆ ಎದ್ದಾಗ ಬೂದು, ಪಾಕ ಬರುವಾಗ ಚಿನ್ನ, ಅಚ್ಚಿಗೆ ಸುರಿದಾಗ ಕಂದು. ಒಂದು ನಿಮಿಷ ಸುಮ್ಮನಿರುವುದಿಲ್ಲ ಅದು. ಕೆಳಗೆ ಒಲೆಗೆ ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ಹಾಕುವವನ ಮುಖ ಒಂದು ಸಲ ಕೆಂಪು, ಒಂದು ಸಲ ಕಪ್ಪು. ಅನಿಮೇಷನ್ ಆಲೆಮನೆಯಲ್ಲಿ ಆಗಲೇ ನಡೆಯುತ್ತಾ ಇದೆ. ನೀವು ಬರೆದುಕೊಂಡರೆ ಆಯಿತು.

ಪಡುವಾರಹಳ್ಳಿ_ಪೆನ್ಸಿಲ್
ಅಣ್ಣ, ಇದನ್ನು ನೀವೇ ಮಾಡಬೇಕು. ನಿಜವಾಗಿ ಹೇಳುತ್ತಿದ್ದೇನೆ.

ಮಂಡ್ಯದ_ಅಚ್ಚುಬೆಲ್ಲ
ನನಗೆ ವೃತ್ತ ಬರೆದರೆ ಆಲೂಗಡ್ಡೆ ಆಗುತ್ತದೆ ಕಣಪ್ಪ.

ಇಪ್ಪತ್ನಾಲ್ಕು_ಫ್ರೇಮು
ಕುದಿಯುವ ಪಾಕದ ಗುಳ್ಳೆಗೆ ಆಲೂಗಡ್ಡೆಯೇ ಸರಿ.

ಅಗ್ರಹಾರದ_ಅಳಿಯ
ಅರಮನೆ ಬೇಡ ಅಂದರೆ ದೊಡ್ಡ ಗಡಿಯಾರ ಹಾಕಿ. ಬ್ರಿಟಿಷರು ಕಟ್ಟಿದ್ದು, ಮೈಸೂರು ಅಂತ ತಕ್ಷಣ ಗೊತ್ತಾಗುತ್ತದೆ.

ಹಳೇ_ರೀಲು
ಅಳಿಯಂದಿರೇ, ದೊಡ್ಡ ಗಡಿಯಾರ ಬ್ರಿಟಿಷರದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಆದದ್ದು. ಅದಕ್ಕೇ ಬೆಳ್ಳಿಹಬ್ಬದ ಗಡಿಯಾರ ಅನ್ನುವುದು. ವೈಸ್‌ರಾಯ್ ಹೆಸರಿನದು ಮಾರ್ಕೆಟ್ ಮುಂದಿನ ಚಿಕ್ಕ ಗಡಿಯಾರ, ಡಫರಿನ್‌ದು. ಅಂದಹಾಗೆ ರುಟ್‌ಮನ್ ಚಿತ್ರವೂ 1927.

ಅಗ್ರಹಾರದ_ಅಳಿಯ
ಸರಿ ಸ್ವಾಮಿ. ಮಾವನ ಮನೆಯಲ್ಲಿ ಕೇಳಿದ್ದನ್ನು ಹೇಳಿದೆ. ಸಂಜೆ ಅವರಿಗೆ ಹೇಳುತ್ತೇನೆ, ಖುಷಿಯಾಗುತ್ತದೆ ನನಗೆ.

ಇಟ್ಟಿಗೆಗೂಡು_ನಿವಾಸಿ
ಎಲ್ಲರೂ ಚಿತ್ರದ ಮಾತೇ ಆಡುತ್ತಿದ್ದೀರಿ. ಶಬ್ದ? ನಮ್ಮ ಮನೆ ಮೃಗಾಲಯದ ಪಕ್ಕ. ಚಳಿಗಾಲದ ಮುಂಜಾವಿನಲ್ಲಿ ಸಿಂಹ ಕೂಗುತ್ತದೆ, ಹಾಲಿನವನು ಬೆಲ್ ಮಾಡುತ್ತಾನೆ, ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ. ಮೂರಕ್ಕೂ ನಾವು ಒಂದೇ ಥರ ಮಗ್ಗುಲು ಬದಲಿಸುತ್ತೇವೆ. ಹೊಸದಾಗಿ ಬಂದ ನೆಂಟರು ಮಾತ್ರ ಹಾಸಿಗೆಯಿಂದ ಹಾರಿ ಏಳುತ್ತಾರೆ. ಪರದೆ ಪೂರ್ತಿ ಕಪ್ಪು ಇಟ್ಟು ಈ ಮೂರು ಶಬ್ದ ಹಾಕಿ. ಮೈಸೂರಲ್ಲ ಅನ್ನಲಿ ನೋಡೋಣ ಯಾರಾದರೂ.

ಇಪ್ಪತ್ನಾಲ್ಕು_ಫ್ರೇಮು
ಇದು ತುಂಬಾ ಚೆನ್ನಾಗಿದೆ. ಕಪ್ಪು ಪರದೆಗೆ ಹಾಳೆಯೂ ಬೇಡ. ಹತ್ತು ಸೆಕೆಂಡ್ ಅಂದರೆ 120 ಚಿತ್ರ ಉಳಿತಾಯ.

ತಮಾಷೆ ಬಿಟ್ಟು ಹೇಳುವುದಾದರೆ, ಮೊದಲು ಶಬ್ದ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಚಿತ್ರ ಬರೆಯಿರಿ. ಶಬ್ದದ ಅಲೆ ಕಂಪ್ಯೂಟರಲ್ಲಿ ಕಾಣುತ್ತದೆ. ಯಾವ ಫ್ರೇಮಿಗೆ ಪೆಟ್ಟು ಬೀಳಬೇಕು ಅಂತ ಗುರುತು ಹಾಕಿಕೊಂಡು ಬರೆದರೆ ಕೆಲಸ ಹಗುರ. ಚಿತ್ರ ಬರೆದಾದ ಮೇಲೆ ಶಬ್ದ ಹುಡುಕಲು ಹೋದರೆ ಕೊನೆಗೆ ವೀಣೆ ಹಾಕಿ ಕೈ ತೊಳೆದುಕೊಳ್ಳುತ್ತೀರಿ.

ರೇಡಿಯೋ_ಅಜ್ಜಿ
ಶಬ್ದದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ ಮಕ್ಕಳೇ. ‘ಆಕಾಶವಾಣಿ’ ಅನ್ನುವ ಹೆಸರು ಶುರುವಾದದ್ದೇ ನಮ್ಮೂರಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು. ನಮ್ಮ ಬಾಲ್ಯದಲ್ಲಿ ಬೀದಿ ಉದ್ದಕ್ಕೂ ನಡೆದರೆ ಒಂದು ಹಾಡು ಮುಗಿಯುವ ತನಕ ಕೇಳಬಹುದಿತ್ತು. ಒಂದು ಮನೆಯ ಕಿಟಕಿಯಿಂದ ಇನ್ನೊಂದು ಮನೆಯ ಕಿಟಕಿಗೆ. ನಿಂತು ಕೇಳಬೇಕಾಗಿರಲಿಲ್ಲ.

ಸರಸ್ವತಿಪುರಂ_ಸ್ಕೆಚ್
ಅಜ್ಜಿ, ಇದನ್ನು ಚಿತ್ರಕ್ಕೆ ತೆಗೆದುಕೊಳ್ಳಲಾ? ಕಿಟಕಿಯಿಂದ ಕಿಟಕಿಗೆ ಓಡುವ ಒಂದೇ ಗೆರೆ.

ರೇಡಿಯೋ_ಅಜ್ಜಿ
ತಗೋ ಕಂದ. ಸಿನಿಮಾ ಹಾಡು ಹಾಕಬೇಡ, ಹಕ್ಕು ಅದು ಇದು ಅಂತ ತಕರಾರು ಬರುತ್ತದಂತೆ. ನನ್ನ ಮೊಮ್ಮಗ ಹೇಳಿದ. ಬೇಕಾದರೆ ನಾನೇ ಒಂದು ದೇವರನಾಮ ಹಾಡಿಕೊಡುತ್ತೇನೆ, ಗಂಟಲು ಸ್ವಲ್ಪ ಒಡಕು.

ಬೆಳಗಿನ_ಪಾಳಿ
ಥ್ರೆಡ್ ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಒಂದು ಮಾತು ಹೇಳದೆ ಹೋದರೆ ನಿದ್ದೆ ಬರುವುದಿಲ್ಲ.

ಅರಮನೆ ಕ್ಯಾಲೆಂಡರ್ ಅಂದಿರಿ. ಗುಲ್‌ಮೊಹರ್ ಉದುರಿದ ಕೆಂಪು ರಸ್ತೆ ಕ್ಯಾಲೆಂಡರ್ ಅಲ್ವಾ? ನಮ್ಮಮ್ಮ ಪೌರಕಾರ್ಮಿಕರು. ಬೆಳಕು ಹರಿಯುವ ಮೊದಲೇ ಹೋಗಿ ಬೀದಿ ಗುಡಿಸುತ್ತಾರೆ. ಮೇ ತಿಂಗಳು ಬಂತು ಅಂದರೆ ಅಮ್ಮನಿಗೆ ಸೊಂಟ ನೋವು ಜಾಸ್ತಿ. ನೀವು ಬಾಲ್ಕನಿಯಿಂದ ನೋಡಿ ‘ಅಬ್ಬಾ ಕೆಂಪು ಹಾಸು’ ಅನ್ನುತ್ತೀರಿ. ಎಂಟು ಗಂಟೆಗೆ ಆ ರಸ್ತೆ ಖಾಲಿ ಇರುತ್ತದಲ್ಲ, ಯಾರು ಖಾಲಿ ಮಾಡಿದ್ದು? ಸ್ವಚ್ಛ ನಗರ ಅಂತ ಮೈಸೂರಿಗೆ ಪ್ರಶಸ್ತಿ ಬಂದಾಗ ಪೇಪರಿನಲ್ಲಿ ಮತ್ತೆ ಅರಮನೆ ಫೋಟೋನೇ ಹಾಕುತ್ತಾರೆ.

ನಿಮ್ಮ ಅನಿಸಿಕೆ ನಿಮ್ಮದು, ಬೇಡ ಅನ್ನಲು ನಾನ್ಯಾರು. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಿಟಕಿಯಿಂದ ಕಾಣುವುದಕ್ಕೆ ‘ಮೈಸೂರು’ ಅಂತ ಹೆಸರಿಡಬೇಡಿ ಅಷ್ಟೇ.

ಅಗ್ರಹಾರದ_ಅಳಿಯ
ಎಲ್ಲದಕ್ಕೂ ರಾಜಕೀಯ ತರಬೇಕಾ? ಪಾಪ ಒಂದು ಚಂದದ ಚಿತ್ರ ಮಾಡಲು ಹೊರಟಿದ್ದಾರೆ.

ಇಟ್ಟಿಗೆಗೂಡು_ನಿವಾಸಿ
ರಾಜಕೀಯ ಎಲ್ಲಿಂದ ಬಂತು? ಅವರ ಮನೆ ವಿಷಯ ಅವರು ಹೇಳಿದ್ದಾರೆ. ನೀವು ಗಡಿಯಾರ ಹೇಳಿದಿರಿ, ನಾನು ಸಿಂಹ ಹೇಳಿದೆ. ಅವರು ಪೊರಕೆ ಹೇಳಿದರು.

ಹಳೇ_ರೀಲು
ಪಾಳಿ ಅವರು ಹೇಳಿದ್ದು ಕೆಂಟ್ರಿಜ್ ಚಿತ್ರಕ್ಕೆ ನೇರ ಹೋಗಿ ತಾಗುತ್ತದೆ. ಆ ಚಿತ್ರದಲ್ಲೂ ಗಣಿ ಮಾಲೀಕ ಕೂತು ಉಣ್ಣುತ್ತಾನೆ, ಹಿಂದೆ ದುಡಿಯುವವರ ಸಾಲು ನಡೆಯುತ್ತದೆ. ಅನಿಸಿಕೆ ಅಂದಕೂಡಲೇ ‘ಯಾರ ಅನಿಸಿಕೆ, ಎಲ್ಲಿ ನಿಂತು’ ಅಂತ ಕೇಳಲೇಬೇಕಾಗುತ್ತದೆ.

ಸರಸ್ವತಿಪುರಂ_ಸ್ಕೆಚ್
@ಬೆಳಗಿನ_ಪಾಳಿ ಬರೆದದ್ದಕ್ಕೆ ಥ್ಯಾಂಕ್ಸ್. ಗುಲ್‌ಮೊಹರ್ ತೆಗೆಯಲು ಮನಸ್ಸಿಲ್ಲ, ಅದು ನಾನು ಕಂಡದ್ದೇ. ಆದರೆ ಗುಡಿಸುವುದೂ ಅದೇ ಶಾಟ್‌ನಲ್ಲಿ ಇರಲಿ ಅಂತ ಯೋಚನೆ ಬಂತು. ಅಮ್ಮನ ಹತ್ತಿರ ಕೇಳಬಹುದಾ? ಬೀದಿ ಹೇಗೆ ಕಾಣುತ್ತದೆ ಅವರಿಗೆ?

ಬೆಳಗಿನ_ಪಾಳಿ
ಕೇಳಿದೆ. ಮೊದಲು ನಕ್ಕರು. ಆಮೇಲೆ ಹೇಳಿದರು: ‘ಒಣಗಿದ ಹೂವು ಪೊರಕೆಗೆ ಬರುತ್ತದೆ. ರಾತ್ರಿ ಮಳೆ ಬಂದರೆ ಒದ್ದೆ ಹೂ ಡಾಂಬರಿಗೆ ಅಂಟಿಕೊಳ್ಳುತ್ತದೆ. ಎಷ್ಟು ಎಳೆದರೂ ಬರುವುದಿಲ್ಲ, ಬಗ್ಗಿ ಕೈಯಲ್ಲಿ ಕೀಳಬೇಕು. ಅದು ಬರುತ್ತದಾ ಕೇಳು ಅವರ ಸಿನಿಮಾದಲ್ಲಿ.’

ಮುಖ ಮಾತ್ರ ತೋರಿಸಬೇಡಿ ಅಂದರು. ಪೊರಕೆ ಸದ್ದು ಬೇಕಾದರೆ ರೆಕಾರ್ಡ್ ಮಾಡಿಕೊಡುತ್ತೇನೆ. ಕಡ್ಡಿ ಪೊರಕೆ, ಉದ್ದ ಕೋಲಿನದು.

ಇಪ್ಪತ್ನಾಲ್ಕು_ಫ್ರೇಮು
ಸ್ಕೆಚ್ ಅವರೇ, ಇದನ್ನು ಓದಿ ನನಗೆ ಕೂರಲಾಗಲಿಲ್ಲ. ಹೀಗೆ ಮಾಡಿ.

ದಪ್ಪ ಕಾರ್ಟ್ರಿಜ್ ಹಾಳೆ ಒಂದು ತೆಗೆದುಕೊಳ್ಳಿ. ರಸ್ತೆ ತುಂಬಾ ಉದುರಿದ ಹೂವನ್ನು ಇದ್ದಿಲಿನಲ್ಲಿ ಬರೆಯಿರಿ. ಪೊರಕೆ ಅಂದರೆ ನಿಮ್ಮ ಕೈಯಲ್ಲಿರುವ ರಬ್ಬರ್. ಪೊರಕೆಯ ಒಂದೊಂದು ಎಳೆತಕ್ಕೂ ಸ್ವಲ್ಪ ಸ್ವಲ್ಪ ಉಜ್ಜಿ, ಉಜ್ಜಿದಷ್ಟಕ್ಕೂ ಫೋಟೋ. ಹೂವು ಹೋಗುತ್ತದೆ, ಬೂದು ಗುರುತು ಉಳಿಯುತ್ತದೆ. ಗುಡಿಸುವವರನ್ನು ಬರೆಯುವುದೇ ಬೇಡ. ಬೀದಿ ಖಾಲಿಯಾಗುತ್ತಾ ಹೋಗುವುದು ಕಂಡರೆ ಸಾಕು, ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ.

ಒದ್ದೆ ಹೂವಿಗೆ ಆಯಿಲ್ ಪೇಸ್ಟಲ್ ಹಾಕಿ. ಕೆಂಪು. ಇಡೀ ಹಾಳೆಯಲ್ಲಿ ಅದೊಂದೇ ಬಣ್ಣ. ರಬ್ಬರಿಗೆ ಅದು ಬರುವುದಿಲ್ಲ. ಎಷ್ಟು ಉಜ್ಜಿದರೂ ಇನ್ನಷ್ಟು ಅಂಟಿಕೊಳ್ಳುತ್ತದೆ. ಕೊನೆಗೆ ಬ್ಲೇಡ್‌ನಲ್ಲಿ ಒಂದೊಂದಾಗಿ ಕೆರೆದು ತೆಗೆಯಬೇಕು. ಕೆರೆದ ಜಾಗದಲ್ಲಿ ಹಾಳೆಯ ಮೈ ಎದ್ದಿರುತ್ತದೆ, ಅದೂ ಫೋಟೋದಲ್ಲಿ ಬರಲಿ.

ಹಾಳೆ ಒಂದೇ ಆದರೂ ಫೋಟೋ ಲೆಕ್ಕ ಅಷ್ಟೇ ಇರುತ್ತದೆ. ಆದರೆ ಪ್ರತಿ ಚಿತ್ರವನ್ನೂ ಹೊಸದಾಗಿ ಬರೆಯುವ ಗೋಳಿಲ್ಲ. ಒಂದೇ ತೊಂದರೆ, ಹಿಂದೆ ಹೋಗಲು ಆಗುವುದಿಲ್ಲ. ಅಳಿಸಿದ್ದು ಅಳಿಸಿದ ಹಾಗೆ.

ಕುಕ್ಕರಹಳ್ಳಿ_ವಾಕರ್
ಈಗ ಒಪ್ಪಿದೆ. ಇದರಲ್ಲಿ ಎಳೆ ಇದೆ. ಬೀದಿ ಖಾಲಿಯಾಗುತ್ತದಾ ಇಲ್ಲವಾ ಅಂತ ನಾನು ಕೂತು ನೋಡುತ್ತೇನೆ. ಟೀಗೆ ಏಳುವುದಿಲ್ಲ.

ಪಡುವಾರಹಳ್ಳಿ_ಪೆನ್ಸಿಲ್
ಇದೇ ವಿಧಾನದಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಬರೆದರೆ? 2012ರಲ್ಲಿ ಒಂದು ಭಾಗ ಕುಸಿದು ಜನ ಸತ್ತರು. ಆಮೇಲೆ 2016ರಲ್ಲಿ ದೇವರಾಜ ಮಾರ್ಕೆಟ್‌ದೂ ಒಂದು ಭಾಗ ಬಿತ್ತು. ಕೆಡವಿ ಕಟ್ಟಬೇಕಾ, ಉಳಿಸಿ ರಿಪೇರಿ ಮಾಡಬೇಕಾ ಅಂತ ಅಂದಿನಿಂದ ಎಳೆದಾಟ. 2025ರಲ್ಲಿ ಹೈದರಾಲಿ ರಸ್ತೆಯ ಮರಗಳೂ ಹೋದವು. ಅಳಿಸಿದ ಗುರುತಿಗೇನು ಈ ಊರಲ್ಲಿ ಬರ?

ಒಂಟಿಕೊಪ್ಪಲ್_ಗುರು
ಮಾರ್ಕೆಟ್ ವಿಷಯ ಎತ್ತಬೇಡಿ. ಹೋದ ಸಲ ಆ ಥ್ರೆಡ್‌ಗೆ ಬೀಗ ಬಿತ್ತು. ನನ್ನ ಪ್ರಕಾರ ಅಂತೂ ಉಳಿಸಬೇಕು.

ಅಗ್ರಹಾರದ_ಅಳಿಯ
ಉಳಿಸಿ, ಉಳಿಸಿ. ಒಳಗೆ ಕೂತು ವ್ಯಾಪಾರ ಮಾಡುವವರ ತಲೆ ಮೇಲೆ ಬಿದ್ದರೆ ನೀವು ಬರುತ್ತೀರಾ?

ವೇದಿಕೆ_ನಿರ್ವಾಹಕ
ಮಾರ್ಕೆಟ್ ಜಗಳ ಇಲ್ಲಿಗೆ ಸಾಕು. ಅನಿಮೇಷನ್‌ಗೆ ಬನ್ನಿ.

ಹಳೇ_ರೀಲು
ಬರುತ್ತೇನೆ. ನಮ್ಮ ದೇಶದ್ದೇ ಒಂದು ಹೇಳುತ್ತೇನೆ. ಫಿಲ್ಮ್ಸ್ ಡಿವಿಷನ್‌ನಲ್ಲಿ ಪ್ರಮೋದ್ ಪತಿ ಅಂತ ಇದ್ದರು. 1970ರಲ್ಲಿ ‘ಟ್ರಿಪ್’ ಅನ್ನುವ ಕಿರುಚಿತ್ರ ಮಾಡಿದರು, ಬೊಂಬಾಯಿಯ ದಿನನಿತ್ಯದ ಮೇಲೆ. ಪಿಕ್ಸಿಲೇಷನ್ ವಿಧಾನ. ನಿಜವಾದ ಮನುಷ್ಯರನ್ನೇ ಗೊಂಬೆಗಳ ಹಾಗೆ ಒಂದೊಂದೇ ಫ್ರೇಮ್ ಹಿಡಿಯುವುದು. ಸರ್ಕಾರಿ ಸಂಸ್ಥೆಯಲ್ಲಿ ಕೂತು ಇಂಥದ್ದು ಮಾಡಿದರಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ. 2006ರ ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ ನೋಡಿ. ಒಬ್ಬಂಟಿ ಮುದುಕಿ, ಬೆಕ್ಕು, ಬೆಂಕಿಪೊಟ್ಟಣದ ಚಿತ್ರಗಳು. ಫ್ರೇಮ್ ಫ್ರೇಮಿಗೂ ಅವರೇ ಬಣ್ಣ ಹಚ್ಚಿದ್ದು. ಒಂದು ಫ್ಲಾಟಿನ ಒಳಗಿನಿಂದಲೇ ಮಹಾನಗರದ ಒಂಟಿತನ ಗೊತ್ತಾಗುತ್ತದೆ.

ರೇಡಿಯೋ_ಅಜ್ಜಿ
ಬೆಂಕಿಪೊಟ್ಟಣದ ಲೇಬಲ್ ನನ್ನ ತಮ್ಮನೂ ಕೂಡಿಸುತ್ತಿದ್ದ. ಅಮ್ಮ ಒಲೆಗೆ ಹಾಕಿದರು.

ಯಾದವಗಿರಿ_ಪೋಸ್ಟ್
ಆರ್.ಕೆ. ನಾರಾಯಣ್ ಇದೇ ಊರಲ್ಲಿ ಮನೆ ಕಟ್ಟಿಕೊಂಡು ಕೂತು, ನಕ್ಷೆಯಲ್ಲೇ ಇಲ್ಲದ ಊರು ಬರೆದರು. ಅದನ್ನು ಮೈಸೂರು ಅಂದವರೂ ಇದ್ದಾರೆ, ಅಲ್ಲ ಅಂದವರೂ ಇದ್ದಾರೆ. ಹಾಗಾಗಿ ‘ಗೊತ್ತಾಗಲೇಬೇಕಾ’ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಬೇಕಾಗಿಲ್ಲ.

ಒಂಟಿಕೊಪ್ಪಲ್_ಗುರು
ನಾನು ಮಾ...ತ್ರ ಬಿಡುವುದಿಲ್ಲ. ಒಂದು ಸೆಕೆಂಡಾದರೂ ಅರಮನೆ ಇರಲಿ. ಬೇಕಾದರೆ ಹೀಗೆ ಮಾಡಿ. ಭಾನುವಾರ ಸಂಜೆ ಏಳಕ್ಕೆ ಲೈಟ್ ಹಾಕುತ್ತಾರಲ್ಲ, ಸುಮಾರು ಒಂದು ಲಕ್ಷ ಬಲ್ಬು. ಹತ್ತುವುದನ್ನು ಎಲ್ಲರೂ ತೋರಿಸುತ್ತಾರೆ. ಆರುವುದನ್ನು ತೋರಿಸಿ. ಜನ ‘ಓ...’ ಅನ್ನುತ್ತಾರೆ, ಮಕ್ಕಳು ಅಳುತ್ತವೆ, ಬಲೂನಿನವನು ಸೈಕಲ್ ಸ್ಟ್ಯಾಂಡ್ ಎತ್ತುತ್ತಾನೆ.

ಸರಸ್ವತಿಪುರಂ_ಸ್ಕೆಚ್
ಗುರುಗಳೇ, ಇದಕ್ಕೆ ಇಲ್ಲ ಅನ್ನುವುದು ಕಷ್ಟ. ಲೈಟ್ ಆರಿದ ಮೇಲಿನ ಅರಮನೆ ಆದರೆ ಸರಿ. ಕಪ್ಪು ಪರದೆ, ಅಲ್ಲಿಂದ ನೇರ ಸಿಂಹ, ಹಾಲು, ಕುಕ್ಕರ್. ಆಮೇಲೆ ಪೊರಕೆ. ಅಜ್ಜಿಯ ರೇಡಿಯೋ ಗೆರೆ ಹತ್ತು ಗಂಟೆಯ ಹೊತ್ತಿಗೆ. ಮಧ್ಯಾಹ್ನದ ಶಟರಿಗೆ ಮುಗಿಸುತ್ತೇನೆ.

ಒಂಟಿಕೊಪ್ಪಲ್_ಗುರು
ಗೆದ್ದೆ.

ಇಪ್ಪತ್ನಾಲ್ಕು_ಫ್ರೇಮು
ಶೂಟಿಂಗ್ ಶುರು ಮಾಡುವ ಮೊದಲು ಇಷ್ಟು ನೋಡಿಕೊಳ್ಳಿ. ಮೊಬೈಲ್ ಸಾಕು, ಆದರೆ ಮೇಲಿನಿಂದ ಕೆಳಗೆ ನೋಡುವ ಹಾಗೆ ಅಲ್ಲಾಡದಂತೆ ಬಿಗಿಯಬೇಕು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಒಂದು ಫ್ರೇಮ್ ಹಳದಿ, ಒಂದು ನೀಲಿ. ಕಿಟಕಿ ಬೆಳಕು ಬೇಡವೇ ಬೇಡ, ಮೋಡ ಬಂದರೆ ಚಿತ್ರ ಮಿಣಮಿಣ ಅನ್ನುತ್ತದೆ. ಎಲ್‌ಇಡಿ ಬಲ್ಬ್ ಹಾಕಿದರೆ ಕ್ಯಾಮೆರಾದ ಶಟರ್ 1/50 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇಡಿ, ನಮ್ಮ ಕರೆಂಟ್ 50 ಹರ್ಟ್ಸ್, ಬೇಗ ಇಟ್ಟರೆ ಬಲ್ಬಿನ ಮಿಣುಕು ಫೋಟೋದಲ್ಲಿ ಬರಬಹುದು. ಬಿಳಿ ಶರ್ಟ್ ಹಾಕಿಕೊಂಡು ಕೂರಬೇಡಿ, ಅದರ ಬೆಳಕು ಹಾಳೆ ಮೇಲೆ ಬೀಳುತ್ತದೆ. ಮೇಜಿನ ಕಾಲಿಗೆ ಯಾರೂ ಎಡವದ ಹಾಗೆ ಮನೆಯವರಿಗೆಲ್ಲ ಹೇಳಿಡಿ.

ಊದುಬತ್ತಿ_ಮನೆ
ಬೆಕ್ಕಿಗೂ ಹೇಳಿಡಿ.

ಸರಸ್ವತಿಪುರಂ_ಸ್ಕೆಚ್
ಪೊರಕೆ ದೃಶ್ಯದ ಎಂಟು ಸೆಕೆಂಡ್ ಟೆಸ್ಟ್ ಮೇಲೆ ಹಾಕಿದ್ದೇನೆ. ಪಾಳಿ ಅವರು ಕಳಿಸಿದ ಸದ್ದನ್ನೇ ಬಳಸಿದೆ. ಬೈಯಬಹುದು.

ಪ್ರಾಂಪ್ಟ್_ಪುಟ್ಟಸ್ವಾಮಿ
ಚೆನ್ನಾಗಿದೆ ಕಣ್ರೀ. ನಾನು ಎಐ ಬಗ್ಗೆ ಹೇಳಿದ್ದು ವಾಪಸ್ ತಗೊಳ್ಳಲ್ಲ, ಆದರೆ ಚೆನ್ನಾಗಿದೆ.

ಕುಕ್ಕರಹಳ್ಳಿ_ವಾಕರ್
ಪೊರಕೆ ಸ್ವಲ್ಪ ಬೇಗ ಓಡುತ್ತಿದೆ ಅನ್ನಿಸಿತು. ಯಾರೂ ಅಷ್ಟು ಜೋರಾಗಿ ಗುಡಿಸುವುದಿಲ್ಲ.

ಬೆಳಗಿನ_ಪಾಳಿ
ಅಮ್ಮನಿಗೆ ತೋರಿಸಿದೆ. ಅವರೂ ಅದನ್ನೇ ಹೇಳಿದರು. ‘ಹೀಗೆ ಗುಡಿಸಿದರೆ ಎರಡನೇ ಬೀದಿಗೆ ಕೈ ಇರುವುದಿಲ್ಲ’ ಅಂತ. ಎರಡು ಎಳೆತ, ಒಂದು ನಿಲುವು, ಮತ್ತೆ ಎರಡು ಎಳೆತ. ಕೆಂಪು ಹೂ ಕೀಳುವುದು ಸರಿಯಾಗಿದೆಯಂತೆ.

ಸರಸ್ವತಿಪುರಂ_ಸ್ಕೆಚ್
ಎರಡು ಎಳೆತ, ಒಂದು ನಿಲುವು. ಬರೆದುಕೊಂಡೆ. ಈ ಭಾಗ ಮತ್ತೆ ಮಾಡುತ್ತೇನೆ. ಅಮ್ಮನ ಹೆಸರು ಕೊನೆಯಲ್ಲಿ ಹಾಕಬಹುದಾ?

ಬೆಳಗಿನ_ಪಾಳಿ
ಕೇಳಿ ಹೇಳುತ್ತೇನೆ. ‘ನಾನೇನು ಬರೆದೆ’ ಅಂತಾರೆ ನೋಡಿ.

ಮಂಡ್ಯದ_ಅಚ್ಚುಬೆಲ್ಲ
ಪೆನ್ಸಿಲ್, ಆಲೆಮನೆಗೆ ಯಾವಾಗ ಬರುತ್ತೀಯಪ್ಪ? ನಮ್ಮ ಚಿಕ್ಕಪ್ಪನದೇ ಇದೆ. ಬೆಳಗಿನ ಜಾವವೇ ಬರಬೇಕು, ಆಗಲೇ ಒಲೆ ಹಚ್ಚುವುದು. ಕ್ಯಾಮೆರಾ ತಂದರೆ ಪ್ಲಾಸ್ಟಿಕ್ ಸುತ್ತಿಕೊಂಡು ಬಾ. ಹಬೆ, ಅಂಟು ಎರಡೂ ಇರುತ್ತವೆ.

ಪಡುವಾರಹಳ್ಳಿ_ಪೆನ್ಸಿಲ್
ಮುಂದಿನ ಭಾನುವಾರ ಬರುತ್ತೇನೆ ಅಣ್ಣ. ಬಿಸಿ ಬೆಲ್ಲ ಸಿಗುತ್ತದಾ?

ಮಂಡ್ಯದ_ಅಚ್ಚುಬೆಲ್ಲ
ಸಿಗದೆ ಏನು. ಡಬ್ಬಿ ತಾ.

ಇಪ್ಪತ್ನಾಲ್ಕು_ಫ್ರೇಮು
@ಸರಸ್ವತಿಪುರಂ_ಸ್ಕೆಚ್ ಟೆಸ್ಟ್‌ನ ಫೋಟೋಗಳೆಲ್ಲ ಇನ್ನೂ ಆ ಮೊಬೈಲಿನಲ್ಲೇ ಇವೆಯಾ? ಬ್ಯಾಕಪ್ ಮಾಡಿದಿರಾ?

ಸರಸ್ವತಿಪುರಂ_ಸ್ಕೆಚ್
ರಾತ್ರಿ ಮಾಡುತ್ತೇನೆ.

ಇಪ್ಪತ್ನಾಲ್ಕು_ಫ್ರೇಮು
ಈಗ ಮಾಡಿ.